ಕಡಿಮೆ ಶಕ್ತಿಯ ನಿಸ್ತಂತು ಮಾಡ್ಯೂಲ್

ಕಡಿಮೆ ಶಕ್ತಿಯ ನಿಸ್ತಂತು ಮಾಡ್ಯೂಲ್ ಎಂದರೆ ಸಣ್ಣ ಬ್ಯಾಟರಿಯ ಬಲದಿಂದಲೇ ಅಲ್ಪ ಪ್ರಮಾಣದ ದತ್ತಾಂಶವನ್ನು ರೇಡಿಯೊ ತರಂಗಗಳ ಮೂಲಕ ಕಳುಹಿಸುವ ಹಾಗೂ ಪಡೆಯುವ ಸಿದ್ಧ ವಿದ್ಯುನ್ಮಾನ ಘಟಕ. ರೇಡಿಯೊ ಚಿಪ್, ಸ್ಫಟಿಕ ಆಂದೋಲಕ ಮತ್ತು ಆಂಟೆನಾಕ್ಕೆ ಹೊಂದಿಸುವ ಬಿಡಿಭಾಗಗಳು ಒಂದೇ ಪುಟ್ಟ ಫಲಕದ ಮೇಲೆ ಇರುವುದರಿಂದ, ರೇಡಿಯೊ ಮಂಡಲಗಳನ್ನು ತಾನೇ ರಚಿಸಲಾರದ ವಿದ್ಯಾರ್ಥಿ ಅಥವಾ ಹವ್ಯಾಸಿಯೂ ಇದನ್ನು ಆರ್ಡುಯಿನೊದಂಥ ಮೈಕ್ರೋಕಂಟ್ರೋಲರ್ ಫಲಕಕ್ಕೆ ಜೋಡಿಸಿ ಬಳಸಬಹುದು. ಮಣ್ಣಿನ ತೇವಾಂಶ, ನೀರಿನ ತೊಟ್ಟಿಯ ಮಟ್ಟ, ಉಷ್ಣಾಂಶ ಮುಂತಾದವನ್ನು ದೂರದಿಂದ ತಿಳಿಯುವುದು ಇದರ ಸಾಮಾನ್ಯ ಬಳಕೆ.

ಒಂದು ಊರಿಗೆ ಸರಿಹೊಂದುವ ಮಾಡ್ಯೂಲ್ ಇನ್ನೊಂದು ಊರಿಗೆ ಹೊಂದದಿರಬಹುದು. ದೇಶದ ಕಾನೂನು, ನೆಲದ ಏರಿಳಿತ, ಬೆಳೆ, ಬಿಸಿಲು ಇವೆಲ್ಲವೂ ಆಯ್ಕೆಯನ್ನು ನಿರ್ಧರಿಸುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶ ಇದಕ್ಕೆ ಒಳ್ಳೆಯ ನಿದರ್ಶನ. ತೊಗರಿ ಹೊಲಗಳು, ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಕಾಗಿಣಾ ನದಿಯ ಕಣಿವೆ ಮತ್ತು ಚಿಂಚೋಳಿಯ ಕಾಡು ಇಲ್ಲಿ ಪರಸ್ಪರ ಸಮೀಪದಲ್ಲಿಯೇ ಇವೆ.

ಆವರ್ತನ ಮತ್ತು ಕಾನೂನು

ಮಾಡ್ಯೂಲ್ ಕೊಳ್ಳುವವರು ಮೊದಲು ನೋಡಬೇಕಾದುದು ದೂರವನ್ನೂ ಅಲ್ಲ, ಬೆಲೆಯನ್ನೂ ಅಲ್ಲ, ಆವರ್ತನವನ್ನು. ಮಾರುಕಟ್ಟೆಯಲ್ಲಿ ದೊರೆಯುವ ಮಾಡ್ಯೂಲ್‌ಗಳ ಮೇಲೆ 433, 868, 915 ಅಥವಾ 2.4 ಎಂಬ ಗುರುತು ಇರುತ್ತದೆ. ಮೊದಲ ಮೂರು ಮೆಗಾಹರ್ಟ್ಸ್‌ನಲ್ಲಿ, ಕೊನೆಯದು ಗಿಗಾಹರ್ಟ್ಸ್‌ನಲ್ಲಿ ಹೇಳುವ ಆವರ್ತನಗಳು. 868 ಯುರೋಪಿನ ನಿಯಮಕ್ಕೂ 915 ಅಮೆರಿಕದ ನಿಯಮಕ್ಕೂ ಅನುಗುಣವಾಗಿ ಬಂದ ಗುರುತುಗಳು. ಭಾರತದ ನಿಯಮ ಇವೆರಡಕ್ಕಿಂತಲೂ ಭಿನ್ನವಾಗಿದೆ.

ಭಾರತದಲ್ಲಿ ರೇಡಿಯೊ ಆವರ್ತನಗಳ ಹಂಚಿಕೆಯನ್ನು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ ನೋಡಿಕೊಳ್ಳುತ್ತದೆ. 1933ರ ಭಾರತೀಯ ನಿಸ್ತಂತು ತಂತಿ ಕಾಯ್ದೆಯ ಪ್ರಕಾರ ಯಾವುದೇ ಪ್ರೇಷಕಕ್ಕೆ ಪರವಾನಗಿ ಬೇಕಿತ್ತು. ಕೆಲವು ಪಟ್ಟಿಗಳಿಗೆ ಮಾತ್ರ ಅಧಿಸೂಚನೆಗಳ ಮೂಲಕ ವಿನಾಯಿತಿ ನೀಡಲಾಯಿತು. 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟಿಗೆ 2005ರಲ್ಲಿ ಈ ವಿನಾಯಿತಿ ದೊರೆಯಿತು. ಪ್ರೇಷಕದ ಶಕ್ತಿ ಗರಿಷ್ಠ 1 ವ್ಯಾಟ್, ಆಂಟೆನಾದಿಂದ ಹೊರಸೂಸುವ ಪರಿಣಾಮಕಾರಿ ಶಕ್ತಿ ಗರಿಷ್ಠ 4 ವ್ಯಾಟ್, ವಾಹಕದ ಪಟ್ಟಿಯಗಲ 200 ಕಿಲೋಹರ್ಟ್ಸ್ ಎಂಬುದು ಅದರ ಮಿತಿ. 2021ರ ನಿಯಮಗಳು ಈ ಪಟ್ಟಿಯನ್ನು 868 ಮೆಗಾಹರ್ಟ್ಸ್ ವರೆಗೆ ವಿಸ್ತರಿಸಿದವು. 2.4 ಗಿಗಾಹರ್ಟ್ಸ್ ಪಟ್ಟಿ, ಅಂದರೆ 2400ರಿಂದ 2483.5 ಮೆಗಾಹರ್ಟ್ಸ್, 2005ರಿಂದಲೇ ಪರವಾನಗಿಮುಕ್ತವಾಗಿದೆ. 433ರಿಂದ 434 ಮೆಗಾಹರ್ಟ್ಸ್ ಪಟ್ಟಿಗೂ ವಿನಾಯಿತಿ ಇದೆ; ಆದರೆ ಅದು 10 ಮಿಲಿವ್ಯಾಟ್ ಮಿತಿಯೊಳಗಿನ ಒಳಾಂಗಣ ಬಳಕೆಗೆ ಮಾತ್ರ ಅನ್ವಯಿಸುತ್ತದೆ. ಹೊಲದಲ್ಲಿ ನೆಡುವ ಸಾಧನಕ್ಕೆ ಅದರ ಉಪಯೋಗವಿಲ್ಲ.

915 ಗುರುತಿನ ಮಾಡ್ಯೂಲ್ ಭಾರತದಲ್ಲಿ ತಪ್ಪು ಆಯ್ಕೆ. ಕಾರಣ ಕೇವಲ ಕಾಗದದ ನಿಯಮವಲ್ಲ. ಇಂತಹ ಮಾಡ್ಯೂಲ್‌ಗಳು ಅಮೆರಿಕದ 902ರಿಂದ 928 ಮೆಗಾಹರ್ಟ್ಸ್ ಪಟ್ಟಿಗಾಗಿ ತಯಾರಾದವು. ಭಾರತದಲ್ಲಿ 890ರಿಂದ 915 ಮೆಗಾಹರ್ಟ್ಸ್ ವರೆಗಿನ ಭಾಗ ಮೊಬೈಲ್ ಫೋನಿನಿಂದ ಗೋಪುರದತ್ತ ಹೋಗುವ ಸಂಕೇತಗಳಿಗೆ ಮೀಸಲಾಗಿದೆ. ಹಲವು ಕಿಲೋಮೀಟರ್ ದೂರದ ಫೋನಿನ ಕ್ಷೀಣ ಸಂಕೇತವನ್ನು ಆಲಿಸಲು ಗೋಪುರ ಕಿವಿಗೊಟ್ಟಿರುವ ಆವರ್ತನದಲ್ಲಿಯೇ ಸಮೀಪದ ಮಾಡ್ಯೂಲೊಂದು ಪ್ರಸಾರ ಮಾಡಿದರೆ ಗೋಪುರ ಕಿವುಡಾಗುತ್ತದೆ. ಒಂದೇ ಗೋಪುರವನ್ನು ನಂಬಿದ ಹಳ್ಳಿಯಲ್ಲಿ ಇದರ ಪರಿಣಾಮವನ್ನು ಅನುಭವಿಸುವವರು ಮಾಡ್ಯೂಲಿನ ಒಡೆಯರಲ್ಲ, ಆಸ್ಪತ್ರೆಗೆ ಕರೆ ಮಾಡಲು ಯತ್ನಿಸುತ್ತಿರುವ ನೆರೆಯವರು.

ಆದ್ದರಿಂದ ಹೊರಾಂಗಣ ಬಳಕೆಗೆ 868 ಗುರುತಿನ ಮಾಡ್ಯೂಲನ್ನು ಕೊಂಡು, ಪ್ರೋಗ್ರಾಮಿನಲ್ಲಿ ಆವರ್ತನವನ್ನು ಭಾರತೀಯ ಪಟ್ಟಿಗೆ ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಯುರೋಪಿನಲ್ಲಿ ರೂಢಿಯಲ್ಲಿರುವ 868.1, 868.3 ಮತ್ತು 868.5 ಮೆಗಾಹರ್ಟ್ಸ್ ವಾಹಿನಿಗಳು ವಿಸ್ತರಿಸಿದ ಭಾರತೀಯ ಪಟ್ಟಿಯಿಂದಲೂ ಹೊರಗೆ ಉಳಿಯುತ್ತವೆ. ಲೋರಾವಾನ್ ಎಂಬ ಜಾಲವ್ಯವಸ್ಥೆ ಭಾರತಕ್ಕೆ ನಿಗದಿಪಡಿಸಿರುವ ಮೂಲ ವಾಹಿನಿಗಳು 865.0625, 865.4025 ಮತ್ತು 865.985 ಮೆಗಾಹರ್ಟ್ಸ್. ಉದಾಹರಣೆಯಾಗಿ ದೊರೆಯುವ ಪ್ರೋಗ್ರಾಮುಗಳಲ್ಲಿ 915 ಎಂಬ ಸಂಖ್ಯೆಯೇ ಇರುವುದು ಸಾಮಾನ್ಯ. ಅದನ್ನು ಬದಲಿಸದೆ ಓಡಿಸಿದರೆ 868 ಗುರುತಿನ ಮಾಡ್ಯೂಲ್ ಕೂಡ ತಪ್ಪು ಆವರ್ತನದಲ್ಲಿ ಪ್ರಸಾರ ಮಾಡುತ್ತದೆ. ಪಟ್ಟಿಯಗಲದಲ್ಲಿಯೂ ಎಚ್ಚರ ಬೇಕು. ಲೋರಾ ಚಿಪ್‌ಗಳು 125, 250 ಮತ್ತು 500 ಕಿಲೋಹರ್ಟ್ಸ್ ಅಗಲಗಳನ್ನು ಒದಗಿಸುತ್ತವೆ. ಇವುಗಳಲ್ಲಿ 200ರ ಮಿತಿಯೊಳಗೆ ಬರುವುದು 125 ಮಾತ್ರ.

ವಿನಾಯಿತಿಯ ಪಟ್ಟಿಯಲ್ಲಿ ಯಾರಿಗೂ ರಕ್ಷಣೆಯಿಲ್ಲ. ಬೇರೊಬ್ಬರ ಸಾಧನದಿಂದ ಅಡ್ಡಿಯಾದರೆ ದೂರುವ ಹಕ್ಕಿಲ್ಲ, ಪರವಾನಗಿ ಪಡೆದವರಿಗೆ ಅಡ್ಡಿ ಮಾಡುವಂತೆಯೂ ಇಲ್ಲ. ಹೆಚ್ಚು ಶಕ್ತಿ ಅಥವಾ ಬೇರೆ ಆವರ್ತನಗಳಲ್ಲಿ ಪ್ರಯೋಗ ನಡೆಸಲು ಬಯಸುವವರಿಗೆ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ಪರವಾನಗಿಯ ದಾರಿಯಿದೆ. ಅದಕ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಮಾಡ್ಯೂಲ್‌ಗಳ ಬಗೆ

ಅತ್ಯಂತ ಅಗ್ಗವಾದುದು 433 ಮೆಗಾಹರ್ಟ್ಸ್‌ನ ಪ್ರೇಷಕ ಮತ್ತು ಅಭಿಗ್ರಾಹಕದ ಜೋಡಿ. ವಾಹಕ ತರಂಗವನ್ನು ಹಚ್ಚಿ ಆರಿಸುವ ಸರಳ ವಿಧಾನದಿಂದ ಇದು ಕೆಲಸ ಮಾಡುತ್ತದೆ. ಸಂವಹನ ಏಕಮುಖಿ, ಸಂದೇಶ ತಲುಪಿತೇ ಇಲ್ಲವೇ ಎಂಬುದು ಕಳುಹಿಸಿದವನಿಗೆ ತಿಳಿಯುವುದಿಲ್ಲ. ಮನೆಯೊಳಗೆ ದೀಪ ಹಚ್ಚಲು, ತರಗತಿಯಲ್ಲಿ ತತ್ತ್ವ ತೋರಿಸಲು ಸಾಕು.

ನಾರ್ಡಿಕ್ ಸಂಸ್ಥೆಯ ಎನ್‌ಆರ್‌ಎಫ್24ಎಲ್01+ ಚಿಪ್ಪಿನ ಮಾಡ್ಯೂಲ್ 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 250 ಕಿಲೋಬಿಟ್‌ನಿಂದ 2 ಮೆಗಾಬಿಟ್ ವರೆಗೆ ದತ್ತಾಂಶ ಸಾಗಿಸುತ್ತದೆ. ಒಂದು ಪೊಟ್ಟಣದಲ್ಲಿ 32 ಬೈಟ್ ಹಿಡಿಸುತ್ತದೆ. ಸಂದೇಶ ತಲುಪಿದ ಸ್ವೀಕೃತಿಯನ್ನು ಚಿಪ್ಪೇ ತರಿಸಿಕೊಳ್ಳುತ್ತದೆ, ಬಾರದಿದ್ದರೆ ಮತ್ತೆ ಕಳುಹಿಸುತ್ತದೆ. ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುವಾಗ 11.3 ಮಿಲಿಆಂಪಿಯರ್, ನಿದ್ರಾಸ್ಥಿತಿಯಲ್ಲಿ ಒಂದು ಮೈಕ್ರೋಆಂಪಿಯರಿಗಿಂತ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. ಇದರ ವಾಹಿನಿ ಸಂಖ್ಯೆಗೆ 2400 ಸೇರಿಸಿದರೆ ಆವರ್ತನ ದೊರೆಯುತ್ತದೆ. ವೈಫೈ ಗದ್ದಲದಿಂದ ತಪ್ಪಿಸಿಕೊಳ್ಳಲು ನೂರಕ್ಕಿಂತ ಮೇಲಿನ ವಾಹಿನಿಯನ್ನು ಬಳಸಬೇಕೆಂಬ ಸಲಹೆ ಹವ್ಯಾಸಿಗಳ ನಡುವೆ ಚಾಲ್ತಿಯಲ್ಲಿದೆ. ಭಾರತದ ಪಟ್ಟಿ 2483.5ಕ್ಕೆ ಮುಗಿಯುವುದರಿಂದ ಆ ಸಲಹೆ ಇಲ್ಲಿ ನಿಯಮಬಾಹಿರ. ಅಂಚಿನಿಂದ ತುಸು ದೂರವಿರಲು ವಾಹಿನಿ ಸಂಖ್ಯೆಯನ್ನು 80ರ ಒಳಗೆ ಇಟ್ಟುಕೊಳ್ಳುವುದು ಕ್ಷೇಮ.

ಹೋಪ್‌ಆರ್‌ಎಫ್ ಸಂಸ್ಥೆಯ ಆರ್‌ಎಫ್‌ಎಂ69 ಮಾಡ್ಯೂಲ್ ಆವರ್ತನ ಬದಲಾವಣೆಯ ಸಾಂಪ್ರದಾಯಿಕ ವಿಧಾನವನ್ನು ಅನುಸರಿಸುತ್ತದೆ. ಗೂಢಲಿಪೀಕರಣದ ಸೌಲಭ್ಯ ಚಿಪ್ಪಿನೊಳಗೇ ಇದೆ. ಕೆಲವು ನೂರು ಮೀಟರ್ ಅಂತರದ ಮನೆ, ದೊಡ್ಡಿ, ಕೊಳವೆಬಾವಿಗಳ ನಡುವೆ ಇದು ಸಮರ್ಪಕ.

ಲೋರಾ ತಂತ್ರಜ್ಞಾನ ಫ್ರಾನ್ಸಿನ ಸೈಕ್ಲಿಯೊ ಎಂಬ ಸಂಸ್ಥೆಯಲ್ಲಿ ರೂಪುಗೊಂಡಿತು. ಆ ಸಂಸ್ಥೆಯನ್ನು ಸೆಮ್‌ಟೆಕ್ 2012ರಲ್ಲಿ ಕೊಂಡುಕೊಂಡಿತು. ಆವರ್ತನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಾರುತ್ತ ಸಾಗುವ ಸಂಕೇತವನ್ನು ಇದು ಬಳಸುತ್ತದೆ. ಹಾಗಾಗಿ ಗದ್ದಲದ ಮಟ್ಟಕ್ಕಿಂತ ಕೆಳಗೆ ಮುಳುಗಿದ ಸಂಕೇತವನ್ನೂ ಅಭಿಗ್ರಾಹಕ ಗುರುತಿಸಬಲ್ಲದು. ಕೊಳ್ಳುವಾಗ ಚಿಪ್ಪಿನ ಸಂಖ್ಯೆಯನ್ನು ಓದುವುದು ಅಗತ್ಯ. ಅಗ್ಗವಾಗಿ ಎಲ್ಲೆಡೆ ದೊರೆಯುವ ರಾ-02 ಮಾಡ್ಯೂಲಿನಲ್ಲಿರುವುದು ಎಸ್‌ಎಕ್ಸ್1278. ಅದರ ವ್ಯಾಪ್ತಿ 525 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಯಾವ ಪ್ರೋಗ್ರಾಮಿನಿಂದಲೂ ಅದನ್ನು 865ಕ್ಕೆ ಏರಿಸಲಾಗದು. ಆರ್‌ಎಫ್‌ಎಂ95 ಮಾಡ್ಯೂಲಿನ ಎಸ್‌ಎಕ್ಸ್1276 ಅಥವಾ ನಂತರದ ಪೀಳಿಗೆಯ ಎಸ್‌ಎಕ್ಸ್1262 ಚಿಪ್ ಭಾರತೀಯ ಪಟ್ಟಿಗೆ ಒದಗುತ್ತದೆ.

ಇಎಸ್‌ಪಿ8266 ಮತ್ತು ಇಎಸ್‌ಪಿ32 ಫಲಕಗಳಲ್ಲಿ ವೈಫೈ ಅಂತರ್ಗತವಾಗಿದೆ. ಗೋಡೆಯ ವಿದ್ಯುತ್ ಇರುವಲ್ಲಿ ಇವುಗಳಷ್ಟು ಅನುಕೂಲವಾದ ಆಯ್ಕೆ ಇನ್ನೊಂದಿಲ್ಲ. ಪ್ರಸಾರದ ಕ್ಷಣದಲ್ಲಿ 150 ಮಿಲಿಆಂಪಿಯರಿಗೂ ಹೆಚ್ಚು ಎಳೆಯುವುದರಿಂದ ಬ್ಯಾಟರಿಯೊಂದನ್ನೇ ನಂಬಿದ ಸಾಧನಕ್ಕೆ ಇವು ಸಾಮಾನ್ಯವಾಗಿ ಹೊಂದುವುದಿಲ್ಲ.

ದೂರ, ನೆಲ ಮತ್ತು ಬೆಳೆ

ಜಾಹೀರಾತಿನಲ್ಲಿ ಹೇಳುವ ಕಿಲೋಮೀಟರುಗಳು ಅಡೆತಡೆಯಿಲ್ಲದ ಬಯಲಿನ ಲೆಕ್ಕ. ಮುಕ್ತ ಆಕಾಶದಲ್ಲಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ 866 ಮೆಗಾಹರ್ಟ್ಸ್ ಸಂಕೇತ ಸುಮಾರು 91 ಡೆಸಿಬೆಲ್, 2.4 ಗಿಗಾಹರ್ಟ್ಸ್ ಸಂಕೇತ ಸುಮಾರು 100 ಡೆಸಿಬೆಲ್ ಕುಗ್ಗುತ್ತದೆ. ಈ 9 ಡೆಸಿಬೆಲ್ ಅಂತರ ಎಂದರೆ ಶಕ್ತಿಯಲ್ಲಿ ಎಂಟು ಪಟ್ಟು. ಎಲೆಗಳ ನಡುವೆ ಹಾಯುವಾಗ ಅಂತರ ಇನ್ನೂ ಹೆಚ್ಚುತ್ತದೆ.

ರೇಡಿಯೊ ತರಂಗ ದಾರದಂತೆ ನೇರವಾಗಿ ಮಾತ್ರ ಸಾಗುವುದಿಲ್ಲ. ಎರಡು ಆಂಟೆನಾಗಳ ನಡುವೆ ಸೌತೆಕಾಯಿಯ ಆಕಾರದ ಒಂದು ವಲಯವನ್ನು ಆಕ್ರಮಿಸುತ್ತದೆ. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ಒಂದು ಕಿಲೋಮೀಟರ್ ದೂರಕ್ಕೆ 866 ಮೆಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಈ ವಲಯದ ತ್ರಿಜ್ಯ ಸುಮಾರು 9 ಮೀಟರ್. ಅದರ ಐದರಲ್ಲಿ ಮೂರು ಭಾಗವಾದರೂ ತೆರವಾಗಿರಬೇಕೆಂಬುದು ರೂಢಿಯ ನಿಯಮ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಗೂಟಕ್ಕೆ ಕಟ್ಟಿದ ಪೆಟ್ಟಿಗೆಗಳ ನಡುವೆ ಕಣ್ಣಿಗೆ ದಾರಿ ಸ್ಪಷ್ಟವಾಗಿ ಕಂಡರೂ ರೇಡಿಯೊ ತರಂಗಕ್ಕೆ ಅದು ಮುಚ್ಚಿದ ದಾರಿಯೇ.

ಸೇಡಂ ಮತ್ತು ಚಿತ್ತಾಪುರದ ಹೊಲಗಳಲ್ಲಿ ಈ ಸಮಸ್ಯೆ ಋತುವಿನೊಡನೆ ಬದಲಾಗುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಈ ತಾಲ್ಲೂಕುಗಳ ಮುಖ್ಯ ಬೆಳೆಯೂ ಅದೇ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಹೂ ಬಿಡುವ ಹೊತ್ತಿಗೆ ಎದೆಮಟ್ಟಕ್ಕೂ ಮೀರಿ ಬೆಳೆದು ನಿಲ್ಲುತ್ತದೆ, ಡಿಸೆಂಬರ್–ಜನವರಿಯಲ್ಲಿ ಕಟಾವಾಗುತ್ತದೆ. ಬೇಸಿಗೆಯ ಬೋಳು ಕಪ್ಪು ನೆಲದ ಮೇಲೆ ಪರೀಕ್ಷಿಸಿ ಒಂದು ಕಿಲೋಮೀಟರ್ ತಲುಪಿತೆಂದು ನೆಟ್ಟ ಸಾಧನ, ರೈತನಿಗೆ ಮಾಹಿತಿ ನಿಜವಾಗಿ ಬೇಕಾಗುವ ಹೂವಿನ ಕಾಲದಲ್ಲಿ ಮೌನವಾಗಬಹುದು. ನೀರು ತುಂಬಿದ ಹಸಿ ಎಲೆಗಳ ಸಾಲು ತರಂಗವನ್ನು ಹೀರುತ್ತದೆ. ಪರೀಕ್ಷೆಯನ್ನು ಬೆಳೆ ತುಂಬಿ ನಿಂತಾಗ ಮಾಡಬೇಕು. ಅದು ಸಾಧ್ಯವಾಗದಿದ್ದರೆ ಬೇಸಿಗೆಯ ಪರೀಕ್ಷೆಯಲ್ಲಿ ಅಭಿಗ್ರಾಹಕದ ಮಿತಿಗಿಂತ ಕನಿಷ್ಠ 20 ಡೆಸಿಬೆಲ್ ಮಿಗುವಂತೆ ನೋಡಿಕೊಳ್ಳುವುದು ಲೇಸು.

ಮಿಗತೆ ಗಳಿಸಲು ಮೂರು ದಾರಿಗಳಿವೆ. ಎಸ್‌ಎಕ್ಸ್1276ರ ಶಕ್ತಿಯನ್ನು 13ರಿಂದ 20 ಡಿಬಿಎಂಗೆ ಏರಿಸಿದರೆ 7 ಡೆಸಿಬೆಲ್ ದೊರೆಯುತ್ತದೆ, ಆದರೆ ವಿದ್ಯುತ್ ಬಳಕೆ 29ರಿಂದ 120 ಮಿಲಿಆಂಪಿಯರಿಗೆ ಜಿಗಿಯುತ್ತದೆ. ಲೋರಾದ ಹರಡುವಿಕೆಯ ಗುಣಾಂಕವನ್ನು 7ರಿಂದ 12ಕ್ಕೆ ಏರಿಸಿದರೆ ಸುಮಾರು 14 ಡೆಸಿಬೆಲ್ ಲಾಭ, ಆದರೆ ಪ್ರಸಾರದ ಅವಧಿ ಇಪ್ಪತ್ತು ಪಟ್ಟು ಮೀರಿ ಬೆಳೆಯುತ್ತದೆ. ಮೂರನೆಯದು ಬಿದಿರಿನ ಗಳು. ಸಮತಟ್ಟಾದ ನೆಲದಲ್ಲಿ ಒಂದು ಆಂಟೆನಾದ ಎತ್ತರವನ್ನು ಇಮ್ಮಡಿಗೊಳಿಸಿದರೆ ಸುಮಾರು 6 ಡೆಸಿಬೆಲ್ ದೊರೆಯುತ್ತದೆ, ಬ್ಯಾಟರಿಗೆ ಏನೂ ಹೊರೆಯಿಲ್ಲ. ಹವ್ಯಾಸಿಗಳು ಈ ಮೂರನೆಯ ದಾರಿಯನ್ನು ಕೊನೆಗೆ ಯೋಚಿಸುವುದೇ ಹೆಚ್ಚು. ಆಂಟೆನಾಕ್ಕೂ ಹೆಚ್ಚಿನ ವೆಚ್ಚ ಬೇಕಿಲ್ಲ: 866 ಮೆಗಾಹರ್ಟ್ಸ್‌ಗೆ ತರಂಗಾಂತರದ ಕಾಲು ಭಾಗ, ಅಂದರೆ ಸುಮಾರು 8.6 ಸೆಂಟಿಮೀಟರ್ ಉದ್ದದ ನೆಟ್ಟಗಿನ ತಂತಿ ಸಾಕು. 433ರ ಆಂಟೆನಾ ಇದರ ಇಮ್ಮಡಿ ಉದ್ದವಿರುತ್ತದೆ; ಒಂದನ್ನು ಇನ್ನೊಂದಕ್ಕೆ ಹಾಕಬಾರದು. ಆಂಟೆನಾ ಇಲ್ಲದೆ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡಿದರೆ ಚಿಪ್ ಹಾಳಾಗಬಹುದು.

ಶಹಾಬಾದ್ ಮತ್ತು ವಾಡಿಯ ಸುತ್ತಲಿನ ಕಲ್ಲುಗಣಿಗಳಲ್ಲಿ ಪರಿಸ್ಥಿತಿ ಬೇರೆ. ನೆಲಹಾಸಿಗೆ ಹೆಸರಾದ ಶಹಾಬಾದ್ ಕಲ್ಲು ಪದರಪದರವಾಗಿ ಏಳುವ ಸುಣ್ಣಕಲ್ಲು. ಅದನ್ನು ತೆಗೆದಂತೆ ನೆಲ ಕಡಿದಾದ ಅಂಚಿನ ಗುಂಡಿಯಾಗುತ್ತದೆ. ಗುಂಡಿಯ ತಳದಲ್ಲಿಟ್ಟ ಪ್ರೇಷಕಕ್ಕೆ ಹೊರಗಿನ ಅಭಿಗ್ರಾಹಕ ಕಾಣುವುದೇ ಇಲ್ಲ. ಶಕ್ತಿ ಹೆಚ್ಚಿಸುವುದಕ್ಕಿಂತ ಗಣಿಯ ಅಂಚಿನಲ್ಲಿ ಎರಡೂ ಕಡೆ ಕಾಣುವಂತೆ ಒಂದು ಮರುಪ್ರಸಾರಕವನ್ನು ನಿಲ್ಲಿಸುವುದು ಇಲ್ಲಿ ಸರಿಯಾದ ಪರಿಹಾರ. ಕಾರ್ಖಾನೆಗಳ ಉಕ್ಕಿನ ರಚನೆಗಳು ಸಂಕೇತವನ್ನು ಪ್ರತಿಫಲಿಸುವುದರಿಂದ ಸಾಧನವನ್ನು ಒಂದೆರಡು ಗೇಣು ಸರಿಸಿದರೂ ಸಂಕೇತದ ಬಲದಲ್ಲಿ ದೊಡ್ಡ ವ್ಯತ್ಯಾಸ ಕಾಣಬಹುದು.

ಚಿಂಚೋಳಿಯಲ್ಲಿ ಗುಡ್ಡ ಮತ್ತು ಕಾಡು ಎರಡೂ ಸೇರುತ್ತವೆ. ಇಲ್ಲಿ 2.4 ಗಿಗಾಹರ್ಟ್ಸ್ ಬಹಳ ದೂರ ಸಾಗದು. ಚಿಂಚೋಳಿ ವನ್ಯಜೀವಿಧಾಮದ ಒಳಗೆ ಯಾವುದೇ ಸಾಧನ ಇಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ವಿದ್ಯುತ್ ಬಳಕೆ

ಬ್ಯಾಟರಿಯ ಆಯುಷ್ಯವನ್ನು ರೇಡಿಯೊ ಪ್ರಸಾರವೇ ನಿರ್ಧರಿಸುತ್ತದೆ ಎಂಬುದು ವ್ಯಾಪಕವಾದ ತಪ್ಪು ಕಲ್ಪನೆ. ಲೆಕ್ಕ ಬೇರೆಯೇ ಹೇಳುತ್ತದೆ. ಇಪ್ಪತ್ತು ಬೈಟ್‌ಗಳ ಸಂದೇಶವನ್ನು 125 ಕಿಲೋಹರ್ಟ್ಸ್ ಅಗಲದಲ್ಲಿ ಗುಣಾಂಕ 7ರೊಂದಿಗೆ ಕಳುಹಿಸಲು ಸುಮಾರು 57 ಮಿಲಿಸೆಕೆಂಡ್, ಗುಣಾಂಕ 12ರೊಂದಿಗೆ ಸುಮಾರು 1.32 ಸೆಕೆಂಡ್ ಹಿಡಿಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಬಾರಿ, 29 ಮಿಲಿಆಂಪಿಯರ್‌ನಲ್ಲಿ ಪ್ರಸಾರ ಮಾಡಿದರೆ ಮೊದಲನೆಯದಕ್ಕೆ ದಿನಕ್ಕೆ 0.044 ಮಿಲಿಆಂಪಿಯರ್ ಗಂಟೆ, ಎರಡನೆಯದಕ್ಕೆ ಸುಮಾರು 1 ಮಿಲಿಆಂಪಿಯರ್ ಗಂಟೆ ಖರ್ಚಾಗುತ್ತದೆ. ಸಾಧನ ಉಳಿದ ಹೊತ್ತು 5 ಮೈಕ್ರೋಆಂಪಿಯರ್‌ನಲ್ಲಿ ನಿದ್ರಿಸಿದರೆ ಅದಕ್ಕೆ ದಿನಕ್ಕೆ 0.12. ಸಂವೇದಕದ ಬಳಕೆಯನ್ನು ಬಿಟ್ಟರೆ, 2000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿ ಗುಣಾಂಕ 12ರಲ್ಲಿಯೂ ವರ್ಷಗಟ್ಟಲೆ ಬರಬೇಕು.

ಆದರೆ ಅದೇ ರೇಡಿಯೊವನ್ನು ಸಾಮಾನ್ಯ ಆರ್ಡುಯಿನೊ ಊನೊ ಫಲಕಕ್ಕೆ ಜೋಡಿಸಿದರೆ, ಫಲಕದ ಮೇಲಿನ ಯುಎಸ್‌ಬಿ ಚಿಪ್, ವೋಲ್ಟೇಜ್ ನಿಯಂತ್ರಕ ಮತ್ತು ದೀಪ ಸೇರಿ ಸುಮಾರು 45 ಮಿಲಿಆಂಪಿಯರ್ ಸದಾ ಎಳೆಯುತ್ತವೆ. ದಿನಕ್ಕೆ ಸಾವಿರ ಮಿಲಿಆಂಪಿಯರ್ ಗಂಟೆ ಮೀರುವ ಈ ಬಳಕೆಗೆ ಅಂಥದೇ ಬ್ಯಾಟರಿ ಎರಡು ದಿನವೂ ಬಾಳದು. ಮಾಡ್ಯೂಲಿನ ಗುಣವಿಶೇಷಗಳನ್ನು ತಿಂಗಳುಗಟ್ಟಲೆ ಹೋಲಿಸಿ, ಕೊನೆಗೆ ಅದನ್ನು ನಿದ್ರಿಸಲಾರದ ಫಲಕಕ್ಕೆ ಬೆಸುಗೆ ಹಾಕುವುದು ಹವ್ಯಾಸಿ ಯೋಜನೆಗಳ ಅತಿ ಸಾಮಾನ್ಯ ವೈಫಲ್ಯ. ಆಲಿಸುವಿಕೆಯೂ ದುಬಾರಿ: ಎಸ್‌ಎಕ್ಸ್1276 ಸದಾ ಆಲಿಸುತ್ತಿದ್ದರೆ ಸುಮಾರು 11 ಮಿಲಿಆಂಪಿಯರ್ ಬೇಕು, ಬ್ಯಾಟರಿ ಎಂಟು ದಿನದೊಳಗೆ ಬರಿದಾಗುತ್ತದೆ. ಆದ್ದರಿಂದ ಹೊಲದ ಸಾಧನ ತಾನೇ ಎದ್ದು ಮಾತನಾಡಿ, ಕ್ಷಣಕಾಲ ಉತ್ತರ ಕೇಳಿ ಮಲಗಬೇಕು. ಸದಾ ಆಲಿಸುವ ಕೆಲಸ ವಿದ್ಯುತ್ ಸಂಪರ್ಕವಿರುವ ಮನೆಯ ಸಾಧನಕ್ಕೆ ಸೇರಿದ್ದು.

ಜೋಡಣೆ, ಬಿಸಿಲು ಮತ್ತು ಧೂಳು

ಈ ಮಾಡ್ಯೂಲ್‌ಗಳು 3.3 ವೋಲ್ಟ್‌ನವು. ಎಸ್‌ಎಕ್ಸ್1276ರ ಯಾವ ತಂತಿಗೂ 5 ವೋಲ್ಟ್ ತಾಗಬಾರದು. ಎನ್‌ಆರ್‌ಎಫ್24ಎಲ್01+ ತನ್ನ ದತ್ತಾಂಶದ ತಂತಿಗಳಲ್ಲಿ 5 ವೋಲ್ಟ್ ತಾಳಿಕೊಳ್ಳುತ್ತದೆಯಾದರೂ ವಿದ್ಯುತ್ ಪೂರೈಕೆ 3.6 ಮೀರುವಂತಿಲ್ಲ. ಆಗಾಗ ಸಂಪರ್ಕ ಕಡಿಯುವ ಮಾಡ್ಯೂಲಿಗೆ ಮೊದಲ ಚಿಕಿತ್ಸೆ, ಅದರ ವಿದ್ಯುತ್ ಕಾಲುಗಳ ಸಮೀಪವೇ 10 ಮೈಕ್ರೋಫ್ಯಾರಡ್ ಅಥವಾ ಅದಕ್ಕಿಂತ ದೊಡ್ಡ ಧಾರಕವನ್ನು ಬೆಸೆಯುವುದು.

ಈ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಸಿಲಿಗೆ ತೆರೆದ ಮುಚ್ಚಿದ ಪೆಟ್ಟಿಗೆಯೊಳಗೆ ಅದು ಇನ್ನೂ ಹೆಚ್ಚು. ಸಾಮಾನ್ಯ ಲಿಥಿಯಂ ಅಯಾನ್ ಕೋಶಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಸೌರಫಲಕ ಚೆನ್ನಾಗಿ ಕೆಲಸ ಮಾಡುವ ಹೊತ್ತೇ ಕೋಶಕ್ಕೆ ಅಪಾಯದ ಹೊತ್ತಾಗುವುದರಿಂದ, ಶಾಖವನ್ನು ಹೆಚ್ಚು ಸಹಿಸುವ ಹಾಗೂ 3.2 ವೋಲ್ಟ್ ನೀಡುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಕೋಶ ಉತ್ತಮ. ಬಿಳಿ ಬಣ್ಣದ ಪೆಟ್ಟಿಗೆ ಮತ್ತು ಮೇಲೊಂದು ನೆರಳಿನ ತಟ್ಟೆಯೂ ನೆರವಾಗುತ್ತವೆ. ಪೆಟ್ಟಿಗೆ ಲೋಹದ್ದಾದರೆ ಆಂಟೆನಾ ಹೊರಗಿರಲೇಬೇಕು. ಸಿಮೆಂಟ್ ಕಾರ್ಖಾನೆಗಳ ಸಮೀಪದ ಧೂಳು ಇಬ್ಬನಿಯೊಡನೆ ಸೇರಿ ಸೌರಫಲಕದ ಮೇಲೆ ಗಟ್ಟಿ ಪೊರೆಯಾಗುತ್ತದೆ. ಒರೆಸಲು ಕೈಗೆಟುಕುವ ಎತ್ತರದಲ್ಲಿ ಫಲಕವನ್ನೂ, ಮೇಲಿನ ಎತ್ತರದಲ್ಲಿ ಆಂಟೆನಾವನ್ನೂ ಬೇರೆಬೇರೆಯಾಗಿ ಇಡುವುದು ಪ್ರಾಯೋಗಿಕ ಕ್ರಮ.

ಕರ್ನಾಟಕದ ಪ್ರಯೋಗ ಮತ್ತು ಬಳಕೆಯ ಮಿತಿ

ಒಣ ಬೇಸಾಯಕ್ಕೆ ನಿಸ್ತಂತು ಸಂವೇದಕಗಳನ್ನು ಬಳಸುವ ಆರಂಭಿಕ ಪ್ರಯೋಗಗಳಲ್ಲಿ ಒಂದು ಕರ್ನಾಟಕದಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯ ಕೂಡಿ 2000ದ ದಶಕದಲ್ಲಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್‌ಸೆನ್ಸ್ ನೆಟ್ ಎಂಬ ಯೋಜನೆಯನ್ನು ಕೈಗೊಂಡವು. ಮಳೆಯನ್ನೇ ನೆಚ್ಚಿದ ಸಣ್ಣ ರೈತರಿಗೆ ಮಣ್ಣಿನ ತೇವಾಂಶದ ಮಾಹಿತಿ ಒದಗಿಸುವುದು ಅದರ ಉದ್ದೇಶಗಳಲ್ಲಿ ಸೇರಿತ್ತು. ಆಗ ಸಂಶೋಧನಾ ಸಂಸ್ಥೆಗಳಿಗಷ್ಟೇ ಎಟುಕುತ್ತಿದ್ದ ಸಾಧನಗಳ ಕೆಲಸವನ್ನು ಇಂದು ವಿದ್ಯಾರ್ಥಿಯೊಬ್ಬ ಕೊಳ್ಳಬಲ್ಲ ಮಾಡ್ಯೂಲ್‌ಗಳು ಮಾಡುತ್ತವೆ.

ಹವ್ಯಾಸಿ ಮಾಡ್ಯೂಲ್ ಮತ್ತು ಜೀವರಕ್ಷಣೆಯ ರೇಡಿಯೊ ನಡುವಿನ ಅಂತರವನ್ನು ವಾಡಿಯ ರೈಲು ಮಾರ್ಗ ಸ್ಪಷ್ಟಪಡಿಸುತ್ತದೆ. ರೈಲುಗಳ ಡಿಕ್ಕಿ ತಡೆಯುವ ಕವಚ್ ವ್ಯವಸ್ಥೆಯ ಕ್ಷೇತ್ರ ಪರೀಕ್ಷೆ ಪ್ರಯಾಣಿಕ ರೈಲುಗಳಲ್ಲಿ 2016ರ ಫೆಬ್ರವರಿಯಲ್ಲಿ ಆರಂಭವಾಯಿತು. ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳು ಅದರ ಪರೀಕ್ಷಾ ಭಾಗಗಳಾಗಿದ್ದವು. ಸೇಡಂ ಮತ್ತು ಚಿತ್ತಾಪುರ ನಿಲ್ದಾಣಗಳು ವಾಡಿ ಮಾರ್ಗದಲ್ಲಿಯೇ ಇವೆ. ಎಂಜಿನ್ ಮತ್ತು ನಿಲ್ದಾಣದ ನಡುವಿನ ರೇಡಿಯೊ ಸಂಪರ್ಕದ ಜೊತೆಗೆ ಹಳಿಗಳ ನಡುವೆ ಗುರುತಿನ ಪಟ್ಟಿಗಳನ್ನೂ ಅದು ಬಳಸುತ್ತದೆ, ಹಾಗೂ ಕಠಿಣ ಸುರಕ್ಷತಾ ಪ್ರಮಾಣೀಕರಣಕ್ಕೆ ಒಳಪಟ್ಟಿದೆ.

ಪರವಾನಗಿಮುಕ್ತ ಪಟ್ಟಿಯ ಮಾಡ್ಯೂಲಿಗೆ ಇಂತಹ ಭರವಸೆ ಯಾವುದೂ ಇಲ್ಲ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದಾಗ ಮಳಖೇಡದ ಸುತ್ತಲಿನ ಸಂಚಾರಕ್ಕೆ ತೊಂದರೆಯಾಗುವುದುಂಟು. ನೀರಿನ ಮಟ್ಟ ಅಳೆದು ಎಚ್ಚರಿಸುವ ಸಾಧನ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಹೊಳೆಯುವ ಯೋಜನೆ. ಅದರಲ್ಲಿ ಸಂದೇಶ ಬಾರದಿರುವುದನ್ನು ಅಪಾಯವಿಲ್ಲ ಎಂದು ಅರ್ಥೈಸುವ ರಚನೆ ದೋಷಪೂರ್ಣ. ನೀರು ಇಳಿದಿದ್ದರೂ, ಸಾಧನವೇ ಕೊಚ್ಚಿಹೋಗಿದ್ದರೂ ಮೌನ ಒಂದೇ. ಆದ್ದರಿಂದ ಸಾಧನವು ನಿಗದಿತ ಅವಧಿಗೊಮ್ಮೆ ತಾನು ಸುಸ್ಥಿತಿಯಲ್ಲಿರುವುದನ್ನೂ ಬ್ಯಾಟರಿಯ ವೋಲ್ಟೇಜನ್ನೂ ತಿಳಿಸುತ್ತಿರಬೇಕು, ಎರಡು ಅವಧಿ ಸಂದೇಶ ಬಾರದಿದ್ದರೆ ಅಭಿಗ್ರಾಹಕವೇ ಎಚ್ಚರಿಕೆ ನೀಡಬೇಕು. ಸ್ವೀಕೃತಿಯಿಲ್ಲದ ಏಕಮುಖಿ ಮಾಡ್ಯೂಲ್‌ಗಳು ಇಂತಹ ಕೆಲಸಕ್ಕೆ ಸಲ್ಲುವುದಿಲ್ಲ.